ಬೆಂಗಳೂರಿನ ಆನ್‌ಲೈನ್ ಸೇವಾ ನವೋದ್ಯಮಗಳು

ಅಂತರ್ಜಾಲದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ, ಪ್ರಯಾಣಿಕರನ್ನೂ ಬಸ್ಸಿನ ಮಾಲೀಕರನ್ನೂ, ರೋಗಿಗಳನ್ನೂ ವೈದ್ಯರನ್ನೂ ಕೂಡಿಸಿ, ಅದರಿಂದ ಆದಾಯ ಗಳಿಸಲು ಹೊರಟ ಹೊಸ ಕಂಪನಿಗಳನ್ನು ಆನ್‌ಲೈನ್ ಸೇವಾ ನವೋದ್ಯಮಗಳು ಎನ್ನುತ್ತಾರೆ. ಆಡುಮಾತಿನಲ್ಲಿ ಇವು ಸ್ಟಾರ್ಟ್‌ಅಪ್‌ಗಳು. ಭಾರತದಲ್ಲಿ ಇವು ಬೇರೂರಿದ ಮುಖ್ಯ ನೆಲ ಬೆಂಗಳೂರು. 1999ರ ಫ್ಯಾಬ್‌ಮಾರ್ಟ್‌ನಿಂದ ಹಿಡಿದು 2022ರ ನಮ್ಮ ಯಾತ್ರಿಯವರೆಗೆ ಇಲ್ಲಿ ಹುಟ್ಟಿದ, ಬೆಳೆದ, ಮುಚ್ಚಿದ ಕಂಪನಿಗಳ ನಡೆಯನ್ನು ಗಮನಿಸಿದರೆ ಆನ್‌ಲೈನ್ ವ್ಯವಹಾರದ ತೀರ್ಮಾನಗಳು ಹೇಗೆ ಆಗುತ್ತವೆ ಎಂಬುದು ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ.

ನಡುವೆ ನಿಂತು ಗಳಿಸುವ ಕಸುಬು ಹೊಸದಲ್ಲ. ಮಂಡಿಯ ದಲ್ಲಾಳಿ ರೈತನ ಮಾಲನ್ನು ವರ್ತಕನಿಗೆ ಮುಟ್ಟಿಸುತ್ತಾನೆ, ತೂಕಕ್ಕೆ ಸಾಕ್ಷಿಯಾಗುತ್ತಾನೆ. ವರ್ತಕ ಹಣ ಕೊಡುವುದು ತಡವಾದರೂ ರೈತನಿಗೆ ತನ್ನ ಕೈಯಿಂದ ಕೊಟ್ಟು ಕಳಿಸುತ್ತಾನೆ. ಅವನಿಗೆ ಸಿಗುವ ದಲ್ಲಾಳಿ ಹಣ ಬರಿಯ ಪರಿಚಯ ಮಾಡಿಸಿದ್ದಕ್ಕಲ್ಲ, ಹೊತ್ತ ಹೊಣೆಗೆ. ಆನ್‌ಲೈನ್ ಸೇವೆಯ ತಿರುಳೂ ಇದೇ. ‘ಮೊಬೈಲಿನಲ್ಲಿ ಊಟ ತರಿಸುವುದು’, ‘ಮೊಬೈಲಿನಲ್ಲಿ ಆಟೋ ಕರೆಯುವುದು’ ಎಂಬ ಐಡಿಯಾ ಒಂದೇ ಸಾಲಿನದು. ಒಂದೇ ಕಾಲದಲ್ಲಿ ಹತ್ತಾರು ಜನರಿಗೆ ಹೊಳೆದದ್ದು. ಯಾವ ಪಕ್ಷದ ಯಾವ ತೊಂದರೆಯನ್ನು ಕಂಪನಿ ತನ್ನ ತಲೆಯ ಮೇಲೆ ಹಾಕಿಕೊಳ್ಳಬೇಕು, ಯಾವುದನ್ನು ಇನ್ನೊಬ್ಬರಿಗೆ ಬಿಡಬೇಕು, ಅದಕ್ಕೆ ಯಾರಿಂದ ಹಣ ಪಡೆಯಬೇಕು ಎಂಬ ತೀರ್ಮಾನಗಳಲ್ಲಿಯೇ ಒಂದು ಕಂಪನಿ ಮತ್ತೊಂದರಿಂದ ಬೇರೆಯಾಯಿತು.

ನೆಲ ಮತ್ತು ಕಾಲ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಟೆಲಿಫೋನ್ ತಂತಿಯ ಮೇಲೆ ನಿಧಾನವಾಗಿ ತೆವಳುತ್ತಿದ್ದ ಆ ಸಂಪರ್ಕವನ್ನೇ ನಂಬಿ ನಾಲ್ಕು ವರ್ಷಗಳ ನಂತರ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಆರಂಭವಾಯಿತು. ಮೊದಲು ಸಂಗೀತದ ಸಿ.ಡಿ.ಗಳನ್ನೂ ಕ್ಯಾಸೆಟ್ಟುಗಳನ್ನೂ ಮಾರಿದ ಈ ಕಂಪನಿ ಆಮೇಲೆ ದಿನಸಿಗೂ ಕೈಹಾಕಿತು. ಆದರೆ ಮನೆಯಲ್ಲಿ ಕಂಪ್ಯೂಟರ್ ಇದ್ದವರು ಕಡಿಮೆ, ಕ್ರೆಡಿಟ್ ಕಾರ್ಡ್ ಇದ್ದವರು ಇನ್ನೂ ಕಡಿಮೆ. ಹೀಗಾಗಿ ಸ್ಥಾಪಕರು ಫ್ಯಾಬ್‌ಮಾಲ್ ಎಂಬ ಹೆಸರಿನಲ್ಲಿ ನಿಜವಾದ ದಿನಸಿ ಅಂಗಡಿಗಳನ್ನೇ ತೆರೆದರು. ಅಂಗಡಿಗಳು ಮುಂದೆ ಆದಿತ್ಯ ಬಿರ್ಲಾ ಸಮೂಹದ ಪಾಲಾದವು. ಆನ್‌ಲೈನ್ ಭಾಗ ಇಂಡಿಯಾಪ್ಲಾಜಾ ಎಂಬ ಹೆಸರಿನಲ್ಲಿ ಉಳಿದು 2013ರಲ್ಲಿ ನಿಂತಿತು.

ಇದೇ ಬಳಗದ ವಿ. ಎಸ್. ಸುಧಾಕರ್, ಹರಿ ಮೆನನ್, ವಿಪುಲ್ ಪರೇಖ್, ವಿ. ಎಸ್. ರಮೇಶ್ ಅವರು ಅಭಿನಯ್ ಚೌಧರಿಯವರ ಜೊತೆಗೂಡಿ 2011ರಲ್ಲಿ ಬಿಗ್‌ಬಾಸ್ಕೆಟ್ ಕಟ್ಟಿದರು. ಐಡಿಯಾ ಹಳೆಯದೇ, ಊರೂ ಅದೇ. ಬದಲಾಗಿದ್ದದ್ದು ಗಿರಾಕಿಯ ಕೈಯಲ್ಲಿದ್ದ ಸಾಧನ ಮತ್ತು ನಗರದ ಟ್ರಾಫಿಕ್. ಅಂಗಡಿ ನಡೆಸಿ ಕಲಿತ ಪಾಠಗಳೂ ಕೈಹಿಡಿದವು: ದಿನಸಿಯಲ್ಲಿ ಲಾಭದ ಅಂಶ ತೀರ ತೆಳುವಾದ್ದರಿಂದ ತರಕಾರಿಯನ್ನು ರೈತರಿಂದ ನೇರವಾಗಿ ಕೊಳ್ಳಬೇಕು, ಬೇಳೆ–ಅಕ್ಕಿಗೆ ಸ್ವಂತ ಬ್ರ್ಯಾಂಡ್ ಬೇಕು, ಗಿರಾಕಿಗೆ ಇಂಥ ಹೊತ್ತಿನಿಂದ ಇಂಥ ಹೊತ್ತಿನೊಳಗೆ ಎಂದು ಸಮಯ ಕೊಟ್ಟು ಒಂದೇ ವ್ಯಾನಿನಲ್ಲಿ ಹಲವು ಮನೆಗಳ ಬುಟ್ಟಿಗಳನ್ನು ಕಳಿಸಬೇಕು. 2021ರಲ್ಲಿ ಟಾಟಾ ಡಿಜಿಟಲ್ ಇದರ ಬಹುಪಾಲು ಷೇರುಗಳನ್ನು ಕೊಂಡಿತು. ಒಂದೇ ಐಡಿಯಾ ಹನ್ನೆರಡು ವರ್ಷಗಳ ಅಂತರದಲ್ಲಿ ಒಮ್ಮೆ ಕೈಕೊಟ್ಟು ಒಮ್ಮೆ ಫಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಬೆಂಗಳೂರೇ ಏಕೆ ಎಂಬ ಪ್ರಶ್ನೆಗೆ ಎಂಜಿನಿಯರುಗಳ ಸಂಖ್ಯೆಯನ್ನಷ್ಟೇ ಉತ್ತರವಾಗಿ ಹೇಳುವುದು ರೂಢಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿ ಕೇಂದ್ರ ತೆರೆದ ಮೇಲೆ ಬೆಳೆದ ಸಾಫ್ಟ್‌ವೇರ್ ಉದ್ಯೋಗ ಆ ಎಂಜಿನಿಯರುಗಳನ್ನು ತಂದದ್ದು ನಿಜ. ಅದಕ್ಕೂ ಹೆಚ್ಚು ಮುಖ್ಯವಾದದ್ದು ಇನ್ನೊಂದಿದೆ. ಊರು ಬಿಟ್ಟು ಬಂದು ಕೋರಮಂಗಲ, ಎಚ್ಎಸ್ಆರ್ ಬಡಾವಣೆ, ಇಂದಿರಾನಗರದ ಬಾಡಿಗೆ ಮನೆಗಳಲ್ಲೂ ಪಿ.ಜಿ.ಗಳಲ್ಲೂ ಉಳಿದ, ತಿಂಗಳ ಸಂಬಳದ, ಅಡುಗೆಗೆ ಬಿಡುವಿಲ್ಲದ, ಹಬ್ಬಕ್ಕೆ ಊರಿಗೆ ಹೋಗಲು ಸೀಟಿಗಾಗಿ ಪರದಾಡುವ ಯುವಜನರೇ ಈ ಕಂಪನಿಗಳನ್ನು ಕಟ್ಟಿದರು. ಅವುಗಳ ಮೊದಲ ಗಿರಾಕಿಗಳೂ ಅವರೇ ಆದರು. ಕಟ್ಟುವವನಿಗೆ ತನ್ನ ಕಷ್ಟವೂ ಗಿರಾಕಿಯ ಕಷ್ಟವೂ ಒಂದೇ ಆಗಿದ್ದ ಊರು ಇದು.

ಸೀಟಿನ ಚಾರ್ಟು: ರೆಡ್‌ಬಸ್

2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗಲು ಫಣೀಂದ್ರ ಸಾಮಾ ಅವರಿಗೆ ಬಸ್ಸಿನ ಟಿಕೆಟ್ ಸಿಗಲಿಲ್ಲ. ಅವರು ಆಗ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಎಂಜಿನಿಯರ್. ಹಬ್ಬಕ್ಕೆ ಟಿಕೆಟ್ ಸಿಗದವರು ಸಾವಿರಾರು ಮಂದಿ; ಸಾಮಾ ಮಾತ್ರ ಸಿಗದಿರುವುದಕ್ಕೆ ಕಾರಣವೇನೆಂದು ಟ್ರಾವೆಲ್ ಏಜೆಂಟರನ್ನೂ ಬಸ್ ಮಾಲೀಕರನ್ನೂ ವಿಚಾರಿಸತೊಡಗಿದರು.

ಆ ಕಾಲದ ಖಾಸಗಿ ಬಸ್ ವ್ಯವಹಾರ ಒಂದು ಕಾಗದದ ಹಾಳೆಯ ಮೇಲೆ ನಡೆಯುತ್ತಿತ್ತು. ಟ್ರಾವೆಲ್ಸ್ ಕಚೇರಿಯ ಮೇಜಿನ ಮೇಲೆ ಆಯಾ ದಿನದ ಆಯಾ ಬಸ್ಸಿಗೆ ಒಂದೊಂದು ಚಾರ್ಟು. ಅದರಲ್ಲಿ ಸೀಟಿಗೊಂದು ಚೌಕ. ಏಜೆಂಟ್ ಫೋನ್ ಮಾಡಿ ‘ಎರಡು ಸೀಟು ಮುಂದೆ ಇದೆಯಾ’ ಎಂದು ಕೇಳಿದರೆ ಗುಮಾಸ್ತ ಪೆನ್ನಿನಲ್ಲಿ ಚೌಕದೊಳಗೆ ಹೆಸರು ಗೀಚುತ್ತಿದ್ದ. ಕೆಲವು ಸೀಟುಗಳನ್ನು ಇಂತಿಂಥ ಏಜೆಂಟರಿಗೆಂದು ಮೊದಲೇ ಹಂಚಿಡುವ ಪದ್ಧತಿಯೂ ಇತ್ತು. ಒಬ್ಬ ಏಜೆಂಟನಿಗೆ ಪರಿಚಯವಿದ್ದದ್ದು ನಾಲ್ಕಾರು ಮಾಲೀಕರು ಮಾತ್ರ. ಹಾಗಾಗಿ ಮಡಿವಾಳದಲ್ಲಿ ‘ಎಲ್ಲ ಫುಲ್’ ಎನ್ನಿಸಿಕೊಂಡ ಪ್ರಯಾಣಿಕ ಮನೆಗೆ ಮರಳುವ ಹೊತ್ತಿಗೆ, ಬೇರೆ ಮಾಲೀಕನ ಬಸ್ಸು ಹಿಂದಿನ ಸೀಟುಗಳನ್ನು ಖಾಲಿ ಹೊತ್ತುಕೊಂಡು ಆನಂದರಾವ್ ವೃತ್ತದಿಂದ ಹೊರಡುವುದು ಸಾಧ್ಯವಿತ್ತು. ಸೀಟಿನ ಅಭಾವಕ್ಕಿಂತ ಸೀಟಿನ ಸುದ್ದಿಯ ಅಭಾವವೇ ದೊಡ್ಡದಾಗಿತ್ತು.

ಸಾಮಾ ಹಾಗೂ ಬಿಟ್ಸ್ ಪಿಲಾನಿಯ ಅವರ ಗೆಳೆಯರಾದ ಸುಧಾಕರ್ ಪಸುಪುನೂರಿ, ಚರಣ್ ಪದ್ಮರಾಜು ಮೊದಲು ಯೋಚಿಸಿದ್ದು ಎಂಜಿನಿಯರುಗಳಂತೆಯೇ: ಮಾಲೀಕರಿಗೆ ಒಂದು ಸಾಫ್ಟ್‌ವೇರ್ ಮಾಡಿಕೊಟ್ಟರೆ ಚಾರ್ಟುಗಳೆಲ್ಲ ಒಂದೆಡೆ ಬಂದುಬಿಡುತ್ತವೆ. ಮಾಲೀಕರು ಅದನ್ನು ತೆಗೆದುಕೊಳ್ಳಲಿಲ್ಲ. ಕಾಗದವೂ ಫೋನೂ ಅವರಿಗೆ ಸಾಕಾಗಿತ್ತು. ಬೇಕಾಗಿದ್ದದ್ದು ಟಿಕೆಟ್ ಮಾರಾಟ. ಈ ನಿರಾಕರಣೆಯೇ ಕಂಪನಿಯ ನಿಜವಾದ ಆರಂಭ. 2006ರಲ್ಲಿ ರೆಡ್‌ಬಸ್ ಏಜೆಂಟನ ಪಾತ್ರ ವಹಿಸಿಕೊಂಡಿತು. ಮಾಲೀಕರಿಂದ ಕೆಲವೇ ಸೀಟುಗಳನ್ನು ಕೇಳಿ ಪಡೆದು, ಮಾರಿ ತೋರಿಸಿತು. ಮೊದಮೊದಲು ಟಿಕೆಟನ್ನು ಮನೆಗೆ ತಲುಪಿಸುವ ವ್ಯವಸ್ಥೆಯೂ ಇತ್ತು. ಮಾರಾಟ ಕಂಡ ಮಾಲೀಕರು ಇನ್ನಷ್ಟು ಸೀಟು ಕೊಟ್ಟರು. ನಂಬಿಕೆ ಬೆಳೆದ ಮೇಲೆ, ಮೊದಲು ಬೇಡವೆನಿಸಿಕೊಂಡ ಸಾಫ್ಟ್‌ವೇರ್ ಬಾಸ್ ಎಂಬ ಹೆಸರಿನಲ್ಲಿ ಅದೇ ಕಚೇರಿಗಳೊಳಗೆ ಹೋಯಿತು, ಚಾರ್ಟು ಪರದೆಯ ಮೇಲೆ ಬಂತು. ಬಳಿಕ ಸೀಟ್‌ಸೆಲ್ಲರ್ ಎಂಬ ವ್ಯವಸ್ಥೆಯಿಂದ ಹಳೆಯ ಏಜೆಂಟರೂ ಇದೇ ಸೀಟುಗಳನ್ನು ಮಾರುವಂತಾಯಿತು. ಏಜೆಂಟರನ್ನು ಹೊರದಬ್ಬದೆ ಒಳಗೆ ಕರೆದುಕೊಂಡದ್ದು ಈ ಕಥೆಯಲ್ಲಿ ಎಲ್ಲಕ್ಕಿಂತ ಜಾಣ ಹೆಜ್ಜೆ. 2013ರಲ್ಲಿ ಐಬಿಬೊ ಸಮೂಹ ರೆಡ್‌ಬಸ್ಸನ್ನು ಕೊಂಡುಕೊಂಡಿತು. 2017ರಲ್ಲಿ ಐಬಿಬೊ ಮೇಕ್‌ಮೈಟ್ರಿಪ್ ಜೊತೆ ಸೇರಿತು.

ಪೂರೈಸುವವರ ಕೆಲಸವನ್ನು ಮೊದಲು ಹಗುರ ಮಾಡಿ, ಆಮೇಲೆ ಗಿರಾಕಿಯನ್ನು ಕರೆತರುವ ದಾರಿಯನ್ನು ಪ್ರಾಕ್ಟೊ ಕೂಡ ಹಿಡಿಯಿತು. ಸುರತ್ಕಲ್‌ನ ರಾಷ್ಟ್ರೀಯ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಎನ್. ಡಿ. ಶಶಾಂಕ್ ಮತ್ತು ಅಭಿನವ್ ಲಾಲ್ 2008ರಲ್ಲಿ ಇದನ್ನು ಆರಂಭಿಸಿದರು. ತಂದೆಯ ಮಂಡಿ ಶಸ್ತ್ರಚಿಕಿತ್ಸೆಯ ಬಗ್ಗೆ ವಿದೇಶದ ವೈದ್ಯರ ಅಭಿಪ್ರಾಯ ಕೇಳಲು ಹೊರಟಾಗ ದಾಖಲೆಗಳನ್ನು ಇ-ಮೇಲ್‌ನಲ್ಲಿ ಕಳಿಸಲು ಆಗದೆ ಹೋದದ್ದು ಶಶಾಂಕ್ ಅವರಿಗೆ ಈ ಯೋಚನೆ ತಂದಿತು. ಮೊದಲು ಅವರು ಮಾರಿದ್ದು ಕ್ಲಿನಿಕ್ಕುಗಳಿಗೆ ರೋಗಿಗಳ ದಾಖಲೆ ಮತ್ತು ಸಮಯ ನಿಗದಿಯ ಸಾಫ್ಟ್‌ವೇರ್. ರೋಗಿಗಳು ವೈದ್ಯರನ್ನು ಹುಡುಕುವ ತಾಣ ಬಂದದ್ದು ಆಮೇಲೆ.

ನಂಬಿಕೆಯ ಬೆಲೆ: ಫ್ಲಿಪ್‌ಕಾರ್ಟ್

ಅಮೆಜಾನ್‌ನಲ್ಲಿ ಸಹೋದ್ಯೋಗಿಗಳಾಗಿದ್ದ, ದಿಲ್ಲಿ ಐಐಟಿಯಲ್ಲಿ ಓದಿದ್ದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ 2007ರ ಅಕ್ಟೋಬರಿನಲ್ಲಿ ಕೋರಮಂಗಲದ ಒಂದು ಬಾಡಿಗೆ ಮನೆಯಿಂದ ಪುಸ್ತಕ ಮಾರಾಟ ಶುರುಮಾಡಿದರು. ತೊಡಗಿಸಿದ್ದು ಸುಮಾರು 4 ಲಕ್ಷ ರೂಪಾಯಿ. ಪುಸ್ತಕವನ್ನೇ ಆರಿಸಿದ್ದರಲ್ಲಿ ಲೆಕ್ಕಾಚಾರವಿತ್ತು. ಪುಸ್ತಕಕ್ಕೆ ಅಳತೆಯ ತಂಟೆಯಿಲ್ಲ, ಕೊಳೆಯುವುದಿಲ್ಲ, ಒಡೆಯುವುದಿಲ್ಲ. ಹುಬ್ಬಳ್ಳಿಯಲ್ಲಿ ಕೊಂಡರೂ ದಿಲ್ಲಿಯಲ್ಲಿ ಕೊಂಡರೂ ಅದು ಅದೇ ಪುಸ್ತಕ. ಬೆಲೆ ಕಡಿಮೆಯಾದ್ದರಿಂದ ಅನುಮಾನದ ಗಿರಾಕಿಯೂ ಒಮ್ಮೆ ಪರೀಕ್ಷಿಸಿ ನೋಡಬಹುದು. ಯಾವ ಅಂಗಡಿಯೂ ಎಲ್ಲ ಪುಸ್ತಕಗಳನ್ನು ಇಟ್ಟುಕೊಳ್ಳಲಾರದು. ಪರದೆಯ ಮೇಲೆ ಪಟ್ಟಿ ಮಾಡುವುದಕ್ಕೆ ಮಿತಿಯಿಲ್ಲ. ಆರ್ಡರ್ ಬಂದ ಮೇಲೆ ವಿತರಕರಿಂದ ತಂದು ಕೊರಿಯರ್ ಮಾಡಿದರೆ ಗೋದಾಮಿನ ಖರ್ಚೂ ಇಲ್ಲ. ಆರಂಭದ ದಿನಗಳಲ್ಲಿ ಸ್ಥಾಪಕರು ಗಂಗಾರಾಮ್ಸ್ ಪುಸ್ತಕದಂಗಡಿಯ ಹೊರಗೆ ನಿಂತು, ಬರುವ ಹೋಗುವ ಓದುಗರ ಕೈಗೆ ತಮ್ಮ ಕಂಪನಿಯ ಬುಕ್‌ಮಾರ್ಕ್ ಕೊಡುತ್ತಿದ್ದರು.

ಕಂಪನಿಯ ಸ್ವರೂಪವನ್ನೇ ಬದಲಿಸಿದ ತೀರ್ಮಾನ 2010ರದು: ವಸ್ತು ಕೈಗೆ ಬಂದ ಮೇಲೆ ಹಣ, ಅಂದರೆ ಕ್ಯಾಶ್ ಆನ್ ಡೆಲಿವರಿ. 2009ರ ಆಗಸ್ಟಿನಿಂದ ರಿಸರ್ವ್ ಬ್ಯಾಂಕು ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ಹಂತದ ದೃಢೀಕರಣ ಕಡ್ಡಾಯ ಮಾಡಿತ್ತು. ಸುರಕ್ಷತೆಗೆ ಅದು ಅಗತ್ಯವೇ ಆಗಿತ್ತು. ಆದರೆ ನಿಧಾನದ ಸಂಪರ್ಕದಲ್ಲಿ ಪಾವತಿ ನಡುವೆಯೇ ಕಡಿದುಹೋಗುತ್ತಿತ್ತು. ಬಹಳ ಜನರ ಬಳಿ ಕಾರ್ಡೇ ಇರಲಿಲ್ಲ, ಇದ್ದವರಿಗೂ ಕಾಣದ ಅಂಗಡಿಗೆ ಮೊದಲೇ ಹಣ ಕೊಡುವ ಧೈರ್ಯವಿರಲಿಲ್ಲ. ನಗದು ಒಪ್ಪಿಕೊಂಡಾಗ ಆ ಅಪನಂಬಿಕೆಯ ಭಾರ ಗಿರಾಕಿಯ ಹೆಗಲಿನಿಂದ ಇಳಿದು ಕಂಪನಿಯ ಮೇಲೆ ಬಿತ್ತು. ಬಾಗಿಲು ತೆರೆಯದ ಮನೆ, ‘ಈಗ ಬೇಡ’ ಎಂದು ಹಿಂದಿರುಗಿಸಿದ ಡಬ್ಬಿ, ಕೊರಿಯರಿನವರ ಬಳಿ ದಿನಗಟ್ಟಲೆ ಉಳಿಯುವ ನೋಟು ಎಲ್ಲವೂ ಈಗ ಕಂಪನಿಯ ನಷ್ಟ. ಅದನ್ನು ಹಿಡಿತಕ್ಕೆ ತರಲು ಸ್ವಂತ ಸಾಗಣೆ ಜಾಲ ಬೇಕಾಯಿತು; ಅದೇ ಇಕಾರ್ಟ್. ಗೋದಾಮು, ವ್ಯಾನು, ಬೆನ್ನಿಗೆ ಚೀಲ ಹೊತ್ತ ಹುಡುಗರು ಸೇರಿ, ಸಾಫ್ಟ್‌ವೇರ್ ಕಂಪನಿಯಂತೆ ಶುರುವಾದದ್ದು ಸಾಗಣೆ ಕಂಪನಿಯೂ ಆಯಿತು.

ಎಲ್ಲ ತೀರ್ಮಾನಗಳೂ ಹೀಗೆ ಫಲಿಸಲಿಲ್ಲ. 2012ರಲ್ಲಿ ಹಾಡುಗಳನ್ನು ಬಿಡಿಬಿಡಿಯಾಗಿ ಮಾರಲು ತೆರೆದ ಫ್ಲೈಟ್ 2013ರ ಜೂನಿನಲ್ಲಿ ಮುಚ್ಚಿತು. ಬೇರೆಡೆ ಪುಕ್ಕಟೆ ಸಿಗುವ ಹಾಡಿಗೆ ಹತ್ತು ಹನ್ನೆರಡು ರೂಪಾಯಿ ಕೊಡಲು ಕಾರ್ಡಿನ ಹದಿನಾರು ಅಂಕಿಗಳನ್ನು ಒತ್ತುವ ತಾಳ್ಮೆ ಯಾರಿಗೂ ಇರಲಿಲ್ಲ, ಬಾಗಿಲಿಗೆ ಹೋಗಿ ನಗದು ವಸೂಲಿ ಮಾಡುವುದಕ್ಕೆ ಅಲ್ಲಿ ವಸ್ತುವೂ ಇರಲಿಲ್ಲ. 2014ರ ಅಕ್ಟೋಬರ್ 6ರ ಬಿಗ್ ಬಿಲಿಯನ್ ಡೇ ಮಾರಾಟದಲ್ಲಿ ಜನ ಮುಗಿಬಿದ್ದು ತಾಣವೇ ಕುಸಿಯಿತು, ಆರ್ಡರುಗಳು ರದ್ದಾದವು. ಮರುದಿನ ಸ್ಥಾಪಕರಿಬ್ಬರೂ ಗಿರಾಕಿಗಳ ಕ್ಷಮೆ ಕೇಳಿದರು. ಅದೇ ವರ್ಷ ಫ್ಲಿಪ್‌ಕಾರ್ಟ್ ಕೊಂಡಿದ್ದ ಮಿಂತ್ರಾ, ಹೆಸರು ಅಚ್ಚು ಹಾಕಿದ ಉಡುಗೊರೆ ವಸ್ತುಗಳಿಂದ ಬಟ್ಟೆ ವ್ಯಾಪಾರಕ್ಕೆ ತಿರುಗಿ ಗೆದ್ದ ಕಂಪನಿ. ಅದು 2015ರ ಮೇ ತಿಂಗಳಿನಲ್ಲಿ ತನ್ನ ವೆಬ್ ತಾಣವನ್ನು ಮುಚ್ಚಿ ಆ್ಯಪ್‌ನಲ್ಲಿ ಮಾತ್ರ ಮಾರುವ ತೀರ್ಮಾನ ಮಾಡಿತು. ದೊಡ್ಡ ಪರದೆಯಲ್ಲಿ ಸೀರೆಯ ಅಂಚನ್ನು ನೋಡಿ ಕೊಳ್ಳಬಯಸುವವರು ದೂರವಾದರು. 2016ರಲ್ಲಿ ತಾಣ ಮತ್ತೆ ತೆರೆಯಿತು. 2018ರ ಮೇ ತಿಂಗಳಿನಲ್ಲಿ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರಿಗೆ ಫ್ಲಿಪ್‌ಕಾರ್ಟಿನ ಶೇ 77ರಷ್ಟು ಪಾಲನ್ನು ಕೊಳ್ಳುವುದಾಗಿ ಘೋಷಿಸಿತು.

ಒಂದು ಆರ್ಡರಿನ ಲೆಕ್ಕ

ಹೊತ್ತ ಹೊಣೆಗೆ ಸಿಗುವ ಹಣ ಸಾಕಾಗುತ್ತದೆಯೇ ಎಂಬುದನ್ನು ಇಡೀ ಕಂಪನಿಯ ಲೆಕ್ಕದಲ್ಲಿ ನೋಡುವುದಕ್ಕಿಂತ ಒಂದೇ ಆರ್ಡರಿನಲ್ಲಿ ನೋಡುವುದು ಈ ವ್ಯವಹಾರದ ಕ್ರಮ. ಊಟದ ಒಂದು ಆರ್ಡರನ್ನು ಬರಿಯ ಉದಾಹರಣೆಗಾಗಿ 300 ರೂಪಾಯಿಯದೆಂದು ಇಟ್ಟುಕೊಂಡರೆ, ಹೋಟೆಲಿನಿಂದ ಶೇ 20ರ ಕಮಿಷನ್ 60 ರೂಪಾಯಿ, ಗಿರಾಕಿಯಿಂದ ಡೆಲಿವರಿ ಶುಲ್ಕ 25. ಒಟ್ಟು ಬಂದದ್ದು 85. ತಲುಪಿಸಿದವನಿಗೆ 45, ಪಾವತಿ ವ್ಯವಸ್ಥೆಗೆ 6, ದೂರು ವಿಚಾರಿಸುವ ಕಾಲ್ ಸೆಂಟರಿಗೆ 5, ಗಿರಾಕಿಯನ್ನು ಸೆಳೆಯಲು ಕೊಟ್ಟ ರಿಯಾಯಿತಿ 40. ಒಟ್ಟು ಹೋದದ್ದು 96. ಆರ್ಡರಿಗೆ 11 ರೂಪಾಯಿ ನಷ್ಟ. ಹೀಗಿದ್ದಾಗ ಆರ್ಡರುಗಳು ಹೆಚ್ಚಿದಷ್ಟೂ ನಷ್ಟವೇ ಹೆಚ್ಚುತ್ತದೆ. ರಿಯಾಯಿತಿ ನಿಲ್ಲಿಸಿದರೆ 29 ರೂಪಾಯಿ ಉಳಿಯುತ್ತದೆ. ಆದರೆ ಗಿರಾಕಿ ಉಳಿಯುತ್ತಾನೆಯೇ ಎಂಬುದು ಮೊದಲೇ ತಿಳಿಯುವಂಥದ್ದಲ್ಲ. ಒಂದು ಬಡಾವಣೆಯಲ್ಲಿ ಆರ್ಡರುಗಳು ಒತ್ತಾಗಿ ಬಂದರೆ ಅದೇ ಹುಡುಗ ಗಂಟೆಗೆ ಮೂರು ಮನೆ ಮುಟ್ಟಿಸಬಲ್ಲ, ತಲಾ ಖರ್ಚು ಇಳಿಯುತ್ತದೆ; ವಿರಳವಾಗಿ ಬಂದರೆ 45ರ ಜಾಗದಲ್ಲಿ 70 ಬಂದು ಕೂರುತ್ತದೆ. ಊರೆಲ್ಲ ಹರಡುವ ಮೊದಲು ಒಂದೇ ಬಡಾವಣೆಯನ್ನು ದಟ್ಟವಾಗಿ ಹಿಡಿಯುವುದರ ಹಿಂದಿನ ಕಾರಣ ಇದು.

ಸ್ವಿಗ್ಗಿ ಹಾಗೆಯೇ ಮಾಡಿತು. ಶ್ರೀಹರ್ಷ ಮಜೇಟಿ ಮತ್ತು ನಂದನ್ ರೆಡ್ಡಿ 2013ರಲ್ಲಿ ಶುರುಮಾಡಿದ್ದು ಇ-ವಾಣಿಜ್ಯ ಕಂಪನಿಗಳ ಪಾರ್ಸೆಲ್ ಸಾಗಣೆಗೆ ನೆರವಾಗುವ ಬಂಡ್ಲ್, ಅದು ನಡೆಯಲಿಲ್ಲ. ರಾಹುಲ್ ಜೈಮಿನಿ ಜೊತೆಯಾದ ಮೇಲೆ 2014ರ ಆಗಸ್ಟಿನಲ್ಲಿ ಕೋರಮಂಗಲದ ಕೆಲವೇ ಹೋಟೆಲುಗಳೊಂದಿಗೆ ಸ್ವಿಗ್ಗಿ ಆರಂಭವಾಯಿತು. ಊಟ ತರಿಸುವ ತಾಣಗಳು ಆಗಲೇ ಇದ್ದವು. ಅವು ಆರ್ಡರನ್ನು ಹೋಟೆಲಿಗೆ ದಾಟಿಸಿ ಕೈತೊಳೆದುಕೊಳ್ಳುತ್ತಿದ್ದವು, ತಲುಪಿಸುವುದು ಹೋಟೆಲಿನವರ ಪಾಡು. ಸ್ವಿಗ್ಗಿ ತಲುಪಿಸುವವರನ್ನು ತಾನೇ ಇಟ್ಟುಕೊಂಡಿತು. ಇದರಿಂದ ಡೆಲಿವರಿ ಹುಡುಗರೇ ಇಲ್ಲದ ದರ್ಶಿನಿ, ಮಿಲ್ಟ್ರಿ ಹೋಟೆಲುಗಳೂ ಪಟ್ಟಿಗೆ ಬರುವುದು ಸಾಧ್ಯವಾಯಿತು. 2024ರ ನವೆಂಬರಿನಲ್ಲಿ ಕಂಪನಿಯ ಷೇರುಗಳು ಮಾರುಕಟ್ಟೆಗೆ ಬಂದವು.

ಡುಂಜೊದ ಕಥೆ ಇದೇ ಲೆಕ್ಕದ ಇನ್ನೊಂದು ಮುಖ. ಕಬೀರ್ ಬಿಸ್ವಾಸ್ ಅದನ್ನು ಆರಂಭಿಸಿದ್ದು ವಾಟ್ಸ್‌ಆ್ಯಪ್ ಸಂದೇಶಗಳ ಮೂಲಕ: ಮರೆತುಬಂದ ಚಾರ್ಜರ್ ತರುವುದು, ಔಷಧಿ ಕೊಂಡುಕೊಡುವುದು, ಕೀಲಿಕೈ ತಲುಪಿಸುವುದು. ಬೆಂಗಳೂರಿನ ಮಾತಿನಲ್ಲಿ ‘ಡುಂಜೊ ಮಾಡು’ ಎಂಬ ಕ್ರಿಯಾಪದವೇ ಹುಟ್ಟಿಕೊಂಡಿತು. 2017ರಲ್ಲಿ ಗೂಗಲ್, 2022ರಲ್ಲಿ ರಿಲಯನ್ಸ್ ರಿಟೇಲ್ ಹಣ ಹೂಡಿದವು. ಆದರೆ ಒಂದೊಂದು ಕೆಲಸವೂ ಒಂದೊಂದು ಬಗೆಯದಾದರೆ ಎರಡನ್ನು ಸೇರಿಸಿ ಮಾಡಲಾಗುವುದಿಲ್ಲ, ಖರ್ಚು ಇಳಿಯುವುದಿಲ್ಲ. ಬಡಾವಣೆಗೊಂದು ಸಣ್ಣ ಗೋದಾಮು ಇಟ್ಟು ನಿಮಿಷಗಳಲ್ಲಿ ದಿನಸಿ ತಲುಪಿಸುವ ಸ್ಪರ್ಧೆಗೆ ಡುಂಜೊ ಇಳಿದಾಗ, ಬಾಡಿಗೆಯೂ ದಾಸ್ತಾನೂ ಹೊಸ ಹೊರೆಗಳಾದವು. 2023ರಲ್ಲಿ ಹಣದ ಮುಗ್ಗಟ್ಟು, 2025ರ ಆರಂಭದಲ್ಲಿ ಸೇವೆ ಸ್ಥಗಿತ. ಜನರ ಬಾಯಲ್ಲಿ ಕ್ರಿಯಾಪದವಾದ ಹೆಸರೂ ಲೆಕ್ಕ ಕೂಡದಿದ್ದರೆ ಉಳಿಯಲಿಲ್ಲ.

ಯಾರಿಂದ, ಎಷ್ಟು

ಆದಾಯಕ್ಕೆ ಇರುವ ದಾರಿಗಳು ನಾಲ್ಕೈದೇ: ವಹಿವಾಟಿನ ಮೇಲೆ ಕಮಿಷನ್, ನಿಗದಿತ ಶುಲ್ಕ, ಚಂದಾ, ಜಾಹೀರಾತು, ಮಾಲಿನ ಮೇಲಿನ ಲಾಭ. ಯಾವುದನ್ನು ಆರಿಸಿದರು ಎಂಬುದು ಎರಡು ಪಕ್ಷಗಳಲ್ಲಿ ಕಂಪನಿ ಯಾರ ಕಡೆ ವಾಲಿದೆ ಎಂಬುದನ್ನು ತೋರಿಸುತ್ತದೆ.

ಬೆಂಗಳೂರಿನ ಬಾಡಿಗೆ ವಾಹನಗಳ ಇತಿಹಾಸ ಇದಕ್ಕೆ ಒಳ್ಳೆಯ ನಿದರ್ಶನ. 2011ರಲ್ಲಿ ರಘುನಂದನ್ ಮತ್ತು ಅಪ್ರಮೇಯ ರಾಧಾಕೃಷ್ಣ ಇಲ್ಲಿ ಟ್ಯಾಕ್ಸಿಫಾರ್‌ಶೂರ್ ಆರಂಭಿಸಿದರು. 2015ರಲ್ಲಿ ಅದನ್ನು ಓಲಾ ಕೊಂಡಿತು. ಊಬರ್ ಭಾರತದಲ್ಲಿ ಮೊದಲು ಕಾಲಿಟ್ಟದ್ದೂ ಬೆಂಗಳೂರಿಗೇ, 2013ರಲ್ಲಿ. ಕಾರ್ಡಿನಲ್ಲಿ ಮಾತ್ರ ಹಣ ಪಡೆಯುತ್ತಿದ್ದ ಅದು 2015ರಲ್ಲಿ ಭಾರತಕ್ಕಾಗಿ ನಗದಿಗೆ ಒಪ್ಪಬೇಕಾಯಿತು. ಎಲ್ಲರದೂ ಕಮಿಷನ್ ಪದ್ಧತಿ. ಮೊದಲು ಚಾಲಕರಿಗೆ ಪ್ರೋತ್ಸಾಹಧನ ಸುರಿದು, ವಾಹನಗಳು ಸಾಕಷ್ಟು ಸೇರಿದ ಮೇಲೆ ಅದನ್ನು ಇಳಿಸುತ್ತ ಬಂದರು. ಸಾಲ ಮಾಡಿ ಕಾರು ಕೊಂಡಿದ್ದ ಚಾಲಕರು ಬೀದಿಗಿಳಿದು ಪ್ರತಿಭಟಿಸಿದರು. 2022ರಲ್ಲಿ ಆಟೋಗಳ ವಿಷಯದಲ್ಲಿ ಅಸಮಾಧಾನ ಸಿಡಿಯಿತು. ಸರ್ಕಾರಿ ದರ ಮೊದಲ ಎರಡು ಕಿಲೋಮೀಟರಿಗೆ 30 ರೂಪಾಯಿ ಇದ್ದಾಗ ಆ್ಯಪ್‌ಗಳು ಕನಿಷ್ಠ 100 ರೂಪಾಯಿ ವಸೂಲಿ ಮಾಡುತ್ತಿವೆ ಎಂಬ ದೂರಿನ ಮೇಲೆ, ಸಾರಿಗೆ ಇಲಾಖೆ ಅಕ್ಟೋಬರಿನಲ್ಲಿ ಆಟೋ ಸೇವೆ ನಿಲ್ಲಿಸಲು ಸೂಚಿಸಿತು. ವಿಷಯ ಹೈಕೋರ್ಟಿಗೆ ಹೋಯಿತು. ನವೆಂಬರಿನಲ್ಲಿ ಸರ್ಕಾರ ದರದ ಮೇಲೆ ಶೇ 5ರ ಸೇವಾಶುಲ್ಕ ಮತ್ತು ಜಿ.ಎಸ್.ಟಿ. ಎಂದು ನಿಗದಿ ಮಾಡಿತು.

ಅದೇ ನವೆಂಬರಿನಲ್ಲಿ ಆಟೋ ಚಾಲಕರ ಸಂಘದ ಬೆಂಬಲದಿಂದ, ಪಾವತಿ ತಂತ್ರಜ್ಞಾನದ ಜಸ್‌ಪೇ ಕಂಪನಿ ನಮ್ಮ ಯಾತ್ರಿ ಆ್ಯಪ್ ತಂದಿತು. ಕಮಿಷನ್ ಇಲ್ಲ, ಬಾಡಿಗೆ ಪೂರ್ತಿ ನೇರವಾಗಿ ಚಾಲಕನಿಗೆ. 2023ರಿಂದ ಚಾಲಕರು ದಿನಕ್ಕೆ 25 ರೂಪಾಯಿ ಚಂದಾ ಅಥವಾ ಟ್ರಿಪ್ಪಿಗೆ 3.50 ರೂಪಾಯಿ ಕೊಡುವ ಪದ್ಧತಿ ಬಂತು. ದಿನಕ್ಕೆ 1,200 ರೂಪಾಯಿ ದುಡಿಯುವ ಚಾಲಕ ಶೇ 20ರ ಕಮಿಷನ್ ಕೊಟ್ಟರೆ 240 ಕಳೆದುಕೊಳ್ಳುತ್ತಾನೆ ಎಂದು ಲೆಕ್ಕ ಹಾಕಿದರೆ ವ್ಯತ್ಯಾಸ ತಿಳಿಯುತ್ತದೆ. ಕಮಿಷನ್ ಪಡೆಯುವ ಕಂಪನಿಗೆ ದರ ಏರಿದಷ್ಟೂ ಲಾಭ; ಚಂದಾ ಪಡೆಯುವ ಕಂಪನಿಗೆ ಚಾಲಕ ನಾಳೆಯೂ ಬಂದರೆ ಲಾಭ. ಕೆಲವೇ ವರ್ಷಗಳಲ್ಲಿ ಓಲಾ, ಊಬರ್ ಕೂಡ ಆಟೋಗಳಿಗೆ ಚಂದಾ ಪದ್ಧತಿಗೆ ಬಂದವು. ಒಂದು ಊರಿನ ಆಟೋ ಚಾಲಕರ ಒತ್ತಾಯ ಇಷ್ಟು ದೊಡ್ಡ ಕಂಪನಿಗಳ ದರದ ಪದ್ಧತಿಯನ್ನು ತಿರುಗಿಸಿದ್ದು ಗಮನಾರ್ಹ.

ಷೇರು ದಲ್ಲಾಳಿ ವ್ಯವಹಾರದಲ್ಲಿ ಇದಕ್ಕೂ ಮೊದಲೇ ಹೀಗೊಂದು ತಿರುವು ಆಗಿತ್ತು. ನಿತಿನ್ ಕಾಮತ್ ಮತ್ತು ನಿಖಿಲ್ ಕಾಮತ್ ಸಹೋದರರು 2010ರ ಆಗಸ್ಟ್ 15ರಂದು ಬೆಂಗಳೂರಿನಲ್ಲಿ ಆರಂಭಿಸಿದ ಜೆರೋಧಾ, ವಹಿವಾಟಿನ ಮೊತ್ತದ ಮೇಲೆ ಶೇಕಡಾವಾರು ದಲ್ಲಾಳಿ ಪಡೆಯುವ ಬದಲು ಆರ್ಡರಿಗೆ ಗರಿಷ್ಠ 20 ರೂಪಾಯಿ ಎಂದು ನಿಗದಿ ಮಾಡಿತು. ಒಂದು ಲಕ್ಷದ ಆರ್ಡರಿಗೂ ಹತ್ತು ಲಕ್ಷದ ಆರ್ಡರಿಗೂ ಕಂಪ್ಯೂಟರಿಗೆ ಆಗುವ ಶ್ರಮ ಒಂದೇ ಎಂಬುದು ಅದರ ಹಿಂದಿನ ಸರಳ ತರ್ಕ. 2015ರ ಡಿಸೆಂಬರಿನಲ್ಲಿ, ಕೊಂಡು ಇಟ್ಟುಕೊಳ್ಳುವ ಷೇರುಗಳಿಗೆ ದಲ್ಲಾಳಿಯನ್ನೇ ತೆಗೆದುಹಾಕಿತು. ಹೆಸರು ಕೂಡ ಸೊನ್ನೆ ಎಂಬರ್ಥದ ಇಂಗ್ಲಿಷ್ ಪದಕ್ಕೆ ‘ರೋಧ’ ಸೇರಿ ಆದದ್ದು: ತಡೆಯಿಲ್ಲ ಎಂದರ್ಥ. ಹೊರಗಿನ ಬಂಡವಾಳವಿಲ್ಲದೆ ಬೆಳೆದದ್ದರಿಂದ ಇಂಥ ತೀರ್ಮಾನಗಳಿಗೆ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ.

ಪಾವತಿ ಸೇವೆಗಳಲ್ಲಿ ಶುಲ್ಕವನ್ನು ಕಾನೂನೇ ಸೊನ್ನೆ ಮಾಡಿತು. 2016ರ ಏಪ್ರಿಲಿನಲ್ಲಿ ಯುಪಿಐ ವ್ಯವಸ್ಥೆ ಬಂತು. 2015ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಫ್ಲಿಪ್‌ಕಾರ್ಟಿನ ತೆಕ್ಕೆಗೆ ಹೋಗಿದ್ದ ಫೋನ್‌ಪೇ ಅದರ ಮೇಲೆ ಬೆಳೆಯಿತು. 2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ಪಡೆಯುವಂತಿಲ್ಲ. ಹೀಗಾಗಿ ಹಣ ದಾಟಿಸುವುದು ಗಿರಾಕಿಯನ್ನು ಕರೆತರುವ ಬಾಗಿಲಾಯಿತು. ಗಳಿಕೆ ರೀಚಾರ್ಜ್, ವಿಮೆ, ಅಂಗಡಿಯ ಮೇಜಿನ ಮೇಲೆ ‘ಹಣ ಬಂದಿದೆ’ ಎಂದು ಕೂಗುವ ಪೆಟ್ಟಿಗೆಯ ಬಾಡಿಗೆ ಮುಂತಾದ ಬದಿಯ ವ್ಯವಹಾರಗಳಿಂದ ಬರಬೇಕಾಯಿತು.

ಭಾಷೆಯ ತೀರ್ಮಾನ

ಯಾವ ಭಾಷೆಯಲ್ಲಿ ಸೇವೆ ಕೊಡಬೇಕು ಎಂಬುದನ್ನು ಬಹಳ ಕಂಪನಿಗಳು ವ್ಯವಹಾರದ ತೀರ್ಮಾನವೆಂದು ಎಣಿಸಲೇ ಇಲ್ಲ. ಬೆಂಗಳೂರಿನಲ್ಲೇ ಇದ್ದ ಫ್ಲಿಪ್‌ಕಾರ್ಟಿನಲ್ಲಿ ಕನ್ನಡ ಬಂದದ್ದು 2020ರಲ್ಲಿ, ಕಂಪನಿ ಹುಟ್ಟಿ ಹದಿಮೂರು ವರ್ಷಗಳಾಗುವ ಹೊತ್ತಿಗೆ. ಇಷ್ಟು ತಡವಾದದ್ದು ವಿಷಾದದ ಸಂಗತಿಯೇ. ಇದಕ್ಕೆ ವಿರುದ್ಧವಾಗಿ 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಶೇರ್‌ಚಾಟ್ ಇಂಗ್ಲಿಷನ್ನೇ ಹೊರಗಿಟ್ಟು ಭಾರತೀಯ ಭಾಷೆಗಳಲ್ಲಿ ಮಾತ್ರ ನಡೆಯಿತು. ಟ್ಯಾಕ್ಸಿಫಾರ್‌ಶೂರ್‌ನ ಅಪ್ರಮೇಯ ರಾಧಾಕೃಷ್ಣ ಅವರು ಮಯಾಂಕ್ ಬಿಡವತ್ಕ ಜೊತೆಗೂಡಿ 2020ರಲ್ಲಿ ತಂದ ಕೂ, ಮೊದಲು ಬಂದದ್ದು ಕನ್ನಡದಲ್ಲಿ. ಕಿರುಮಾತುಗಳ ಆ ವೇದಿಕೆಯಲ್ಲಿ ಮಂತ್ರಿಗಳೂ ನಟರೂ ಆಟಗಾರರೂ ಸೇರಿದರು. ಆದರೆ ಜಾಹೀರಾತಿನ ಆದಾಯ ಕೂಡಿಬರುವವರೆಗೆ ಉಳಿಯಲು ಬೇಕಾದ ಬಂಡವಾಳ ಸಿಗಲಿಲ್ಲ. ದೊಡ್ಡ ಕಂಪನಿಗಳೊಡನೆ ಸೇರುವ ಮಾತುಕತೆ ಮುರಿದು 2024ರ ಜುಲೈಯಲ್ಲಿ ಮುಚ್ಚಿತು. ಕನ್ನಡದಿಂದ ಆರಂಭವಾದದ್ದು ಅದರ ಸೋಲಿಗೆ ಕಾರಣವಲ್ಲ. ಜನ ಬಂದರು, ಹಣ ಬರಲಿಲ್ಲ.

ಬಂಡವಾಳ ಮತ್ತು ಕಾನೂನು

ಹೂಡಿಕೆದಾರರ ಹಣ ಪಡೆದ ಕಂಪನಿ ಬೇಗ ಬೆಳೆಯುವ ಮಾತನ್ನೂ ಕೊಟ್ಟಿರುತ್ತದೆ. ಆ ಹಣ ಇಲ್ಲದಿದ್ದರೆ ಫ್ಲಿಪ್‌ಕಾರ್ಟಿನ ಗೋದಾಮುಗಳು ಏಳುತ್ತಿರಲಿಲ್ಲ. ಅತಿ ಬೆಳವಣಿಗೆಯ ಅಪಾಯಕ್ಕೆ ಬೈಜೂಸ್ ಉದಾಹರಣೆ: 2015ರಲ್ಲಿ ಕಲಿಕೆಯ ಆ್ಯಪ್ ತಂದ ಈ ಬೆಂಗಳೂರಿನ ಕಂಪನಿ, ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗಿನ ಬೇಡಿಕೆಯನ್ನು ಶಾಶ್ವತವೆಂದು ಎಣಿಸಿ ಒಂದರ ಮೇಲೊಂದು ಕಂಪನಿ ಕೊಂಡಿತು, 2021ರಲ್ಲಿ 120 ಕೋಟಿ ಡಾಲರ್ ಸಾಲ ಎತ್ತಿತು. 2022ರಲ್ಲಿ 2,200 ಕೋಟಿ ಡಾಲರ್ ಮೌಲ್ಯ ಕಟ್ಟಿಸಿಕೊಂಡಿದ್ದ ಅದರ ಮೇಲೆ 2024ರ ಜುಲೈಯಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ದಿವಾಳಿ ಪ್ರಕ್ರಿಯೆಗೆ ಆದೇಶಿಸಿತು.

ಕಾನೂನೂ ವ್ಯವಹಾರದ ಆಕಾರವನ್ನು ತಿದ್ದುತ್ತ ಬಂದಿದೆ. ವಿದೇಶಿ ಬಂಡವಾಳವಿರುವ ಇ-ವಾಣಿಜ್ಯ ಕಂಪನಿ ಮಾರುಕಟ್ಟೆಯ ಕಟ್ಟೆ ಮಾತ್ರ ಆಗಬಹುದು, ತನ್ನದೇ ದಾಸ್ತಾನು ಮಾರುವಂತಿಲ್ಲ ಎಂಬ ಕೇಂದ್ರದ ನಿಯಮ 2016ರಲ್ಲಿ ಸ್ಪಷ್ಟವಾಗಿ, 2019ರ ಫೆಬ್ರವರಿಯಿಂದ ಬಿಗಿಯಾಯಿತು. ಕರ್ನಾಟಕ ಸರ್ಕಾರ 2015ರಲ್ಲಿ ಸ್ಟಾರ್ಟ್‌ಅಪ್ ನೀತಿ ತಂದು ಪ್ರೋತ್ಸಾಹ ಕೊಟ್ಟಿತು. 2016ರಲ್ಲಿ ಬಾಡಿಗೆ ವಾಹನಗಳ ಆ್ಯಪ್‌ಗಳಿಗೆ ಪರವಾನಗಿ ನಿಯಮಗಳನ್ನೂ ಮಾಡಿತು. ಬೆಂಗಳೂರಿನಲ್ಲೇ ಹುಟ್ಟಿದ ರ‍್ಯಾಪಿಡೊದ ಬೈಕ್ ಟ್ಯಾಕ್ಸಿಗಳು ಹೈಕೋರ್ಟಿನ ಆದೇಶದಂತೆ 2025ರ ಜೂನ್ 16ರಿಂದ ನಿಲ್ಲಬೇಕಾದಾಗ, ಸಾವಿರಾರು ಸವಾರರ ದುಡಿಮೆ ಅತಂತ್ರವಾಯಿತು.

ಈ ಸೇವೆಗಳನ್ನು ಮಳೆಯಲ್ಲಿ ಬಿಸಿಲಲ್ಲಿ ಮನೆ ಬಾಗಿಲಿಗೆ ತರುವವರು ಕಂಪನಿಗಳ ಪುಸ್ತಕದಲ್ಲಿ ನೌಕರರಲ್ಲ, ‘ಪಾಲುದಾರರು’. ಹಾಗಾಗಿ ಅಪಘಾತ, ಕಾಯಿಲೆ, ಆ್ಯಪ್‌ನಿಂದ ಏಕಾಏಕಿ ಹೊರಹಾಕುವಿಕೆ ಇವೆಲ್ಲದರ ಹೊಣೆ ಬಹುಕಾಲ ಅವರ ಮೇಲೆಯೇ ಇತ್ತು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಆ ಹೊಣೆಯ ಒಂದು ಪಾಲನ್ನು ಕಂಪನಿಗಳಿಗೆ ಹೊರಿಸುತ್ತದೆ. ಕಾರ್ಮಿಕರ ನೋಂದಣಿ, ಕಲ್ಯಾಣ ಮಂಡಳಿ, ಹೊರಹಾಕುವ ಮೊದಲು ಸಾಮಾನ್ಯವಾಗಿ 14 ದಿನಗಳ ಲಿಖಿತ ನೋಟಿಸ್ ಇದರಲ್ಲಿ ಸೇರಿವೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಂದಾಯವಾಗುವ ಮೊತ್ತದ ಶೇ 1ರಿಂದ 5ರವರೆಗಿನ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಮೇಲಿನ ಉದಾಹರಣೆಯ ಊಟದ ಆರ್ಡರಿನಲ್ಲಿ, ತಲುಪಿಸಿದವನ 45 ರೂಪಾಯಿಯ ಮೇಲೆ ಅದು 45 ಪೈಸೆಯಿಂದ 2 ರೂಪಾಯಿ 25 ಪೈಸೆಯವರೆಗೆ ಆಗುತ್ತದೆ.